ಬೈಠಕ್ ಟೇಪಿಗೆ ದರ್ಜೆ ಕೊಡುವಾಗ ಮೊದಲು ತಂಬೂರಿ ಕೇಳಿ

ಹಳೆಯ ಬೈಠಕ್ಕಿನ, ಅಂದರೆ ರಸಿಕರ ನಡುವೆ ನಡೆದ ಹಿಂದೂಸ್ತಾನಿ ಗಾಯನದ, ಖಾಸಗಿ ಧ್ವನಿಮುದ್ರಣ ಕೈಗೆ ಬಂದರೆ ಹೆಚ್ಚಿನವರು ಮೊದಲು ಗಮನಿಸುವುದು ಟೇಪಿನ ‘ಸ್ಸ್’ ಸದ್ದನ್ನು. ನಾನು ಹುಡುಕುವುದು ತಂಬೂರಿಯನ್ನು. ಧಾರವಾಡ, ಹುಬ್ಬಳ್ಳಿಯ ರಸಿಕರ ಮನೆಗಳಿಂದ ಬಂದ ಕ್ಯಾಸೆಟ್‌ಗಳನ್ನು ಕೇಳುತ್ತಾ ಕೇಳುತ್ತಾ ನನಗೆ ಖಚಿತವಾದ ಮಾತಿದು: ಪ್ರತಿಯಿಂದ ಪ್ರತಿ ಮಾಡುತ್ತಾ ಹೋದಂತೆ ಮೊದಲು ಸಾಯುವುದು ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ.

ಧ್ವನಿಯ ಗುಣಮಟ್ಟಕ್ಕೆ ಎ, ಬಿ, ಸಿ ಎಂದು ಕೂಡು, ಕಳೆ ಗುರುತು ಹಾಕಿ ದರ್ಜೆ ಕೊಡುವ ಪದ್ಧತಿ ರಾಕ್ ಸಂಗೀತದ ಟೇಪ್ ವಿನಿಮಯ ಮಾಡುವವರಲ್ಲಿ ಬಹಳ ಬಳಕೆಯಲ್ಲಿದೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ಮುದ್ರಣ ಮಾಡುವ ಅಭಿಮಾನಿಗಳಿಗೆಂದೇ ಸಭಾಂಗಣದಲ್ಲಿ ಬೇರೆ ಜಾಗ ಕೊಟ್ಟಿತ್ತು. ಅಕ್ಷರಗಳನ್ನು ಅವರಿಂದ ಪಡೆಯೋಣ, ಕಿವಿ ಮಾತ್ರ ನಮ್ಮದೇ ಇರಲಿ.

ಹೆಡ್‌ಫೋನ್ ಹಾಕಿಕೊಂಡು ಮೂರು ಕಡೆ ಕೇಳಿ. ಆಲಾಪದ ಆರಂಭದಲ್ಲಿ ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಮಿಡಿದು, ಮೇಲೆ ಝೇಂಕಾರ ಹರಡಿದರೆ ಎ. ತಂತಿ ತಿಳಿಯುತ್ತದೆ, ಝೇಂಕಾರ ಮಂಕಾಗಿದೆ ಎಂದರೆ ಬಿ. ಬರೀ ಗುಂಯ್ ಎನ್ನುವ ಮೊತ್ತವಾಗಿದ್ದರೆ ಸಿ. ಎರಡನೆಯದು ವಿಲಂಬಿತ, ಅಂದರೆ ನಿಧಾನಗತಿಯ ಭಾಗ: ಅಲ್ಲಿ ಡಗ್ಗಾದ (ತಬಲಾ ಜೋಡಿಯ ಮಂದ್ರ ದನಿಯ ವಾದ್ಯದ) ಘಿಸ್ಸಾ, ಅಂದರೆ ಅಂಗೈ ಒತ್ತಿ ಜಾರಿಸುವ ನಾದ, ಏರಿಳಿಯುವುದು ಕೇಳಬೇಕು. ಬರೀ ಧಬ್ ಧಬ್ ಎಂದರೆ ಕೆಳಸ್ತರ ಹೋಗಿದೆ. ಮೂರನೆಯದು ತಾರಷಡ್ಜ, ಅಂದರೆ ಮೇಲಿನ ‘ಸ’: ಗಾಯಕರು ಅಲ್ಲಿ ನಿಂತಾಗ ಧ್ವನಿ ಒಡೆದರೆ ಮುದ್ರಣದ ಮಟ್ಟವೇ ಹೆಚ್ಚಾಗಿತ್ತು. ಆ ಬಿರುಕನ್ನು ಆಮೇಲೆ ಯಾರೂ ಪೂರ್ತಿ ಮುಚ್ಚಲಾರರು, ಆದ್ದರಿಂದ ಅದಕ್ಕೆ ಒಂದು ದರ್ಜೆ ಇಳಿಸಿ. ಕೆಮ್ಮು, ಚಹಾ ಕಪ್ಪಿನ ಸದ್ದು, ಮುಂದಿನ ಸಾಲಿನ ‘ವಾಹ್ವಾ’ಗಳಿಗೆ ನಾನು ಅಂಕ ಕಳೆಯುವುದಿಲ್ಲ. ಅವು ಬೈಠಕ್ಕಿನವೇ.

‘ಸ್ಸ್’ ಇಲ್ಲದ ಟೇಪಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಯಾರೋ ಕಂಪ್ಯೂಟರಿನಲ್ಲಿ ಗದ್ದಲ ತೆಗೆದಿರುತ್ತಾರೆ. ಜೊತೆಗೆ ಜವಾರಿಯೂ ಹೋಗಿ, ದನಿ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಅಂಥದ್ದು ಎಷ್ಟೇ ನಿಶ್ಶಬ್ದವಾಗಿರಲಿ, ನನ್ನಲ್ಲಿ ಬಿ ದಾಟುವುದಿಲ್ಲ. ವಿವರ ಕಳೆದುಕೊಂಡ ಎಂಪಿ3ಯನ್ನು ಫ್ಲ್ಯಾಕ್ (ವಿವರ ಕಳೆಯದ ಫೈಲು) ಮಾಡಿ ಹಂಚಿದ ಪ್ರತಿಗಳೂ ಇವೆ. ಯಾವ ಸ್ತರದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಚಿತ್ರದಲ್ಲಿ ಟೇಪಿನ ಮೇಲ್ಸ್ತರ ನಿಧಾನವಾಗಿ ಕರಗುತ್ತದೆ. 16 ಕಿಲೋಹರ್ಟ್ಸ್ ಸುಮಾರಿಗೆ ಗೆರೆ ಎಳೆದಂತೆ ಕತ್ತರಿಸಿದ್ದರೆ ಅನುಮಾನಿಸಿ.

ಇನ್ನು ವೇಗ. ಇದನ್ನು ನೋಡದೆ ದರ್ಜೆ ಕೊಡುವುದು ಗಾಯಕರಿಗೆ ಮಾಡುವ ಅನ್ಯಾಯ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರಿಬಿಡುತ್ತದೆ. ಗಂಗೂಬಾಯಿ ಹಾನಗಲ್ಲರ ಆ ಭಾರವಾದ, ಗಂಭೀರ ಕಂಠ ಅಂಥ ಟೇಪಿನಲ್ಲಿ ತೆಳುವಾಗಿ, ಬೇರೆ ಯಾರದೋ ದನಿಯಾಗಿ ಕೇಳುತ್ತದೆ. ಅದೇ ಕಾಲದ ಪ್ರಕಟಿತ ಮುದ್ರಣದ ಷಡ್ಜದೊಂದಿಗೆ ಹೋಲಿಸಿ. ಪೇಟಿ (ಹಾರ್ಮೋನಿಯಂ) ಜೊತೆಗಿದ್ದರೆ ಇನ್ನೊಂದು ಸುಳಿವು: ಷಡ್ಜ ಪೇಟಿಯ ಎರಡು ಮನೆಗಳ (ಕೀಲಿಗಳ) ನಡುವೆ ಬಿದ್ದರೆ ವೇಗ ತಪ್ಪಿರಬಹುದು. ವಿದ್ಯುತ್ತಿನ ಗುಂಯ್‌ಕಾರವನ್ನೂ ಅಳೆಯಬಹುದು. ಮುದ್ರಣದ ಹೊತ್ತಿನಲ್ಲೇ ಸೇರಿದ 50 ಹರ್ಟ್ಸ್ ಸದ್ದು ಟೇಪ್ ಓಡಿದ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದರೆ ಹಿಂದೆ ನಮ್ಮ ವಿದ್ಯುತ್ ಜಾಲದ ಆವರ್ತನವೇ ಕುಸಿಯುತ್ತಿತ್ತು, ಮೇಲಾಗಿ ಈಗ ನುಡಿಸುವ ಡೆಕ್ಕಿನ ಗುಂಯ್‌ಕಾರವೂ ಬೆರೆಯುತ್ತದೆ. ಹಾಗಾಗಿ ಅದೊಂದನ್ನೇ ನಂಬಬೇಡಿ.

ಡಬ್ಬಿಯ ಮೇಲೆ ಬರೀ ‘ಎ’ ಎಂದು ಬರೆದರೆ ಮುಂದಿನವರಿಗೆ ಪ್ರಯೋಜನವಿಲ್ಲ. ನಾನು ಹೀಗೆ ಬರೆಯುತ್ತೇನೆ: ‘ಬಿ+. ಸಭಿಕರ ಮಧ್ಯದ ಮೈಕ್. ಮೂಲದಿಂದ ಎರಡನೆಯ ಪ್ರತಿ. ಸಿ-90 (90 ನಿಮಿಷದ ಕ್ಯಾಸೆಟ್), 45ನೇ ನಿಮಿಷಕ್ಕೆ ಪಕ್ಕ ಬದಲು, ದ್ರುತದಲ್ಲಿ ತಾಳದ ಒಂದು ಆವರ್ತನ ಇಲ್ಲ. ವೇಗ ಶೇಕಡಾ 3 ಹೆಚ್ಚು, ತಿದ್ದಿಲ್ಲ.’ ಹಾಡಿಕೆ ಎಷ್ಟು ಚೆನ್ನಾಗಿದೆ ಎಂಬುದನ್ನು ಈ ದರ್ಜೆಯೊಳಗೆ ಬೆರೆಸಬೇಡಿ. ಸಿ ದರ್ಜೆಯ ಟೇಪಿನಲ್ಲಿ ಅಪರೂಪದ ರಾಗ ಸಿಕ್ಕರೆ ಅದನ್ನು ಕೆಳಗೆ ಬೇರೆಯಾಗಿಯೇ ಬರೆಯಿರಿ. ತಿದ್ದುವುದಾದರೆ ನಕಲಿನಲ್ಲಿ ತಿದ್ದಿ, ಮೊದಲು ಇಳಿಸಿಕೊಂಡ ಫೈಲನ್ನು ಹಾಗೆಯೇ ಉಳಿಸಿಕೊಳ್ಳಿ.