ಕರೆಂಟ್ ಕಡಿಮೆ ಇದ್ದರೆ ಮೋಟರ್ ಯಾಕೆ ಸುಡುತ್ತೆ?

ಮಂಡ್ಯ ಕಡೆ ನಮ್ಮದೊಂದು ವೈಂಡಿಂಗ್ ಅಂಗಡಿ ಇದೆ. 22 ವರ್ಷದಿಂದ ಸುಟ್ಟ ಪಂಪ್‌ಸೆಟ್ ಮೋಟರ್‌ಗಳಿಗೆ ಹೊಸ ತಂತಿ ಸುತ್ತುತ್ತಿದ್ದೇನೆ. ಬೇಸಿಗೆ ಬಂತೆಂದರೆ ಅಂಗಡಿ ಮುಂದೆ ಮೋಟರ್‌ಗಳು ಸಾಲಾಗಿ ಕೂತಿರುತ್ತವೆ. ತಂದವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಕರೆಂಟೇ ಡಲ್ಲಾಗಿತ್ತು ಕಣಣ್ಣ. ಕಡಿಮೆ ಕರೆಂಟಿಗೆ ಮೋಟರ್ ಹೆಂಗೆ ಸುಟ್ಟೋಯ್ತು?"

ಕೆಲಸ ಕಲಿಯುವಾಗ ನಾನೂ ಮೇಸ್ತ್ರಿಯವರಿಗೆ ಇದನ್ನೇ ಕೇಳಿದ್ದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ವೈರಿನ ಸುತ್ತ ಹಿಡಿದು ಆಂಪಿಯರ್ ಅಳೆಯುವ ಟಾಂಗ್ ಟೆಸ್ಟರ್ ಕೈಗೆ ಕೊಟ್ಟು ಒಂದು ತೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿದ್ದದ್ದು 5 ಎಚ್‌ಪಿ ಮೋನೋಬ್ಲಾಕ್, ಅಂದರೆ ಮೋಟರ್ ಪಂಪ್ ಎರಡೂ ಒಂದೇ ಆಗಿರುವುದು. ಬೆಳಗ್ಗೆ ವೋಲ್ಟೇಜ್ 415ರ ಹತ್ತಿರ ಇತ್ತು. ಒಂದೊಂದು ವೈರಿನಲ್ಲೂ ಏಳೂವರೆ ಆಂಪಿಯರ್ ಹರಿಯುತ್ತಿತ್ತು. ಆಮೇಲೆ ಸುತ್ತಲಿನ ಪಂಪ್‌ಗಳೆಲ್ಲ ಒಂದೊಂದಾಗಿ ಶುರುವಾದವು. ವೋಲ್ಟೇಜ್ 320ಕ್ಕೆ ಇಳಿಯಿತು. ಟಾಂಗ್ ಟೆಸ್ಟರ್ ನೋಡಿದರೆ 10ರ ಹತ್ತಿರ ತೋರಿಸುತ್ತಿತ್ತು! "ಈಗ ಹೇಳು, ಕರೆಂಟ್ ಕಡಿಮೆ ಆಯ್ತೋ ಜಾಸ್ತಿ ಆಯ್ತೋ?" ಅಂದರು.

ಆವತ್ತು ನನಗೆ ಗೊತ್ತಾಯಿತು, ನಾವು "ಕರೆಂಟ್" ಅನ್ನುವ ಒಂದೇ ಪದವನ್ನು ಎಷ್ಟೊಂದು ಕಡೆ ಬಳಸುತ್ತೇವೆ ಅಂತ. ಕರೆಂಟ್ ಹೋಯ್ತು ಅಂದರೆ ಸಪ್ಲೈ ನಿಂತಿತು. ಕರೆಂಟ್ ಡಲ್ ಅಂದರೆ ವೋಲ್ಟೇಜ್ ಇಳಿದಿದೆ. ಕರೆಂಟ್ ಬಿಲ್ ಅಂದರೆ ಯೂನಿಟ್ ಲೆಕ್ಕ, ಅಂದರೆ ನಾವು ಬಳಸಿದ ಶಕ್ತಿ. 1000 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಿಜವಾದ ಕರೆಂಟ್ ಮಾತ್ರ ಆಂಪಿಯರ್. ತಂತಿಯಲ್ಲಿ ಹರಿಯುವುದು ಅದು. ಅದನ್ನು ಹರಿಸುವ ಒತ್ತಡ ವೋಲ್ಟೇಜ್.

ಓವರ್‌ಹೆಡ್ ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನೀರು ಜೋರಾಗಿ ಬರುತ್ತದೆ, ಪೈಪ್ ಸಣ್ಣದಾದರೆ ಕಡಿಮೆ ಬರುತ್ತದೆ. ಎತ್ತರ ವೋಲ್ಟೇಜ್, ಹರಿವು ಆಂಪಿಯರ್, ಪೈಪಿನ ತಡೆ ರೋಧ. ಹಳೇ ಕಾಲದ ಬುರುಡೆ ಬಲ್ಬಿಗೆ ಈ ಹೋಲಿಕೆ ಸರಿ. ವೋಲ್ಟೇಜ್ ಇಳಿದರೆ ಆಂಪಿಯರ್ ಇಳಿಯುತ್ತದೆ, ಬಲ್ಬ್ ಮಂಕಾಗುತ್ತದೆ. ಮೋಟರ್‌ಗೆ ಮಾತ್ರ ಇದು ಹೊಂದುವುದಿಲ್ಲ. ಮೋಟರ್ ಸುಮ್ನೆ ಒಂದು ಪೈಪ್ ಅಲ್ಲ. ಅದರೊಳಗೆ ಅಯಸ್ಕಾಂತ ಇದೆ.

ಮೋಟರ್ ಬಿಚ್ಚಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಸಪ್ಲೈ ವೈರ್‌ಗಳು ಹೊರಗಿನ ಸ್ಟೇಟರ್‌ಗೆ ಮಾತ್ರ ಹೋಗುತ್ತವೆ. ತಿರುಗುವ ರೋಟರ್‌ಗೆ ಒಂದೂ ವೈರ್ ಇಲ್ಲ. ಕಬ್ಬಿಣದ ತಗಡುಗಳ ನಡುವೆ ಅಲ್ಯೂಮಿನಿಯಂ ಸರಳುಗಳು, ಎರಡೂ ತುದಿಗೆ ಬಳೆ. ಅಷ್ಟೇ. ಹಾಗಾದರೆ ಅದನ್ನು ತಿರುಗಿಸುವುದು ಏನು?

ಮೇಸ್ತ್ರಿಯವರು ತೋರಿಸಿದ್ದನ್ನು ನಾನು ಈಗಲೂ ಪ್ರತಿ ಹೊಸ ಹುಡುಗನಿಗೂ ತೋರಿಸುತ್ತೇನೆ. ಸುತ್ತಿ ಮುಗಿಸಿದ ಸ್ಟೇಟರ್ ಒಳಗೆ ರೋಟರ್ ಬದಲು ಬೇರಿಂಗಿನ ಒಂದು ಉಕ್ಕಿನ ಗುಂಡು ಹಾಕಬೇಕು. ಮೂರು ಫೇಸ್ ಸಪ್ಲೈಯನ್ನು ವೋಲ್ಟೇಜ್ ಏರಿಸಿ ಇಳಿಸುವ ವೇರಿಯಾಕ್‌ನಲ್ಲಿ ತುಂಬಾ ಇಳಿಸಿ, ಸ್ವಲ್ಪ ಹೊತ್ತು ಮಾತ್ರ ಕೊಡಬೇಕು. ರೋಟರ್ ಇಲ್ಲದೆ ಪೂರ್ತಿ ವೋಲ್ಟೇಜ್ ಕೊಟ್ಟರೆ ಹೊಸ ಕಾಯಿಲ್ ಅಲ್ಲೇ ಸುಟ್ಟುಹೋಗುತ್ತದೆ. ಗುಂಡು ಸ್ಟೇಟರ್ ಒಳಗೋಡೆಗೆ ಅಂಟಿಕೊಂಡೇ ಗಿರಗಿರನೆ ಸುತ್ತುತ್ತದೆ. ಮೂರರಲ್ಲಿ ಎರಡು ವೈರ್ ಅದಲುಬದಲು ಮಾಡಿದರೆ ಉಲ್ಟಾ ಸುತ್ತುತ್ತದೆ. ಕಾಯಿಲ್ ಕನೆಕ್ಷನ್ ತಪ್ಪಿದ್ದರೆ ಒಂದೇ ಕಡೆ ನಡುಗುತ್ತಾ ನಿಲ್ಲುತ್ತದೆ. ಕಣ್ಣಿಗೆ ಕಾಣದ ಅಯಸ್ಕಾಂತವೊಂದು ಒಳಗೆ ಸುತ್ತುತ್ತಿದೆ ಅನ್ನುವುದು ಆ ಗುಂಡು ನೋಡಿದಾಗ ಮನಸ್ಸಿಗೆ ನಾಟುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಸುತ್ತುವ ಈ ಕಾಂತಕ್ಷೇತ್ರ ಅಲ್ಯೂಮಿನಿಯಂ ಸರಳುಗಳನ್ನು ದಾಟಿ ಹೋಗುವಾಗ ಸರಳುಗಳಲ್ಲಿ ತಾನಾಗೇ ಕರೆಂಟ್ ಹುಟ್ಟುತ್ತದೆ. ಯಾವ ವೈರೂ ಮುಟ್ಟುವುದಿಲ್ಲ. ಇದನ್ನೇ ಮಗಳ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಅಂತ ಬರೆದಿದ್ದಾರೆ. ಮುಟ್ಟದೆ ಎಬ್ಬಿಸುವುದಕ್ಕೆ ಪ್ರೇರಣೆ ಒಳ್ಳೇ ಪದ ಅಲ್ವಾ?

ಇದನ್ನು 1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದರು. ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಕೆಲಸ ಕಲಿತವರು. ಕಬ್ಬಿಣದ ಬಳೆಯ ಎರಡು ಕಡೆ ಬೇರೆ ಬೇರೆ ಕಾಯಿಲ್ ಸುತ್ತಿದರು. ಒಂದಕ್ಕೆ ಬ್ಯಾಟರಿ ಸೇರಿಸಿದಾಗ ಮತ್ತು ಬಿಡಿಸಿದಾಗ ಮಾತ್ರ ಇನ್ನೊಂದರ ಕಡೆಯ ಸೂಜಿ ಅಲುಗಿತು. ಅಂದರೆ ಅಯಸ್ಕಾಂತ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಈಗಿನ ಹಾಗೆ ಎನಾಮಲ್ ಬಳಿದ ತಂತಿ ಅವರ ಹತ್ತಿರ ಇರಲಿಲ್ಲ. ಸುತ್ತುಗಳು ಒಂದಕ್ಕೊಂದು ತಾಗದಂತೆ ಹುರಿ ಮತ್ತು ಹತ್ತಿ ಬಟ್ಟೆ ಕೊಟ್ಟು ಕೈಯಲ್ಲೇ ಸುತ್ತಿದ್ದರು. ನಾನು ಸ್ಲಾಟ್‌ಗೆ ಪೇಪರ್ ಹಾಕುವಾಗ ಅವರ ನೆನಪಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎರಡು ಪೋಲಿನ (ಒಂದು ಉತ್ತರ, ಒಂದು ದಕ್ಷಿಣ ಧ್ರುವದ) ಮೋಟರ್‌ನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ಹಾಕುತ್ತದೆ. ರೋಟರ್ ಸುಮಾರು 2880. ಆ ಹಿಂದೆ ಬೀಳುವಿಕೆಗೆ ಸ್ಲಿಪ್ ಅನ್ನುತ್ತೇವೆ. ಎರಡೂ ಸಮಸಮ ಓಡಿದರೆ ಸರಳುಗಳನ್ನು ಕ್ಷೇತ್ರ ದಾಟುವುದೇ ಇಲ್ಲ, ಕರೆಂಟ್ ಹುಟ್ಟುವುದಿಲ್ಲ, ಬಲವೂ ಇಲ್ಲ. ವೋಲ್ಟೇಜ್ ಇಳಿದರೆ ಕಾಂತಕ್ಷೇತ್ರ ಸೊರಗುತ್ತದೆ. ಆದರೆ ಎತ್ತಬೇಕಾದ ನೀರು ಹೆಚ್ಚುಕಡಿಮೆ ಅಷ್ಟೇ. ರೋಟರ್ ಇನ್ನಷ್ಟು ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಕ್ಷೇತ್ರ ಸರಳುಗಳನ್ನು ಬೇಗ ಬೇಗ ದಾಟುತ್ತದೆ, ಸರಳಿನ ಕರೆಂಟ್ ಏರುತ್ತದೆ. ಅದಕ್ಕೆ ಸರಿಯಾಗಿ ಸ್ಟೇಟರ್ ಕೂಡ ಲೈನಿನಿಂದ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಶಾಖ ಆಂಪಿಯರಿನ ವರ್ಗದಷ್ಟು ಏರುತ್ತದೆ. ಏಳೂವರೆ ಇದ್ದದ್ದು 10 ಆದರೆ ತಂತಿಯ ಬಿಸಿ ಸುಮಾರು ಒಂದೂಮುಕ್ಕಾಲು ಪಟ್ಟು. ಹೀಗೆ ಗಂಟೆಗಟ್ಟಲೆ ಓಡಿದರೆ ವಾರ್ನಿಷ್, ಎನಾಮಲ್ ಎಲ್ಲ ಕರಕಲು.

ಸುಟ್ಟ ಕಾಯಿಲ್ ನೋಡಿದರೇ ಕಾರಣ ಹೇಳಬಹುದು. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಲೋ ವೋಲ್ಟೇಜ್ ಅಥವಾ ಓವರ್‌ಲೋಡ್. ಮೂರು ಫೇಸಿನ ಕಾಯಿಲ್ ಸೇರಿಸಲು ಡೆಲ್ಟಾ, ಸ್ಟಾರ್ ಅಂತ ಎರಡು ರೀತಿ ಇದೆ. ಡೆಲ್ಟಾ ಕನೆಕ್ಷನ್ನಿನಲ್ಲಿ ಒಂದು ಫೇಸಿನ ಕಾಯಿಲ್‌ಗಳು ಮಾತ್ರ ಸುಟ್ಟು, ಉಳಿದೆರಡು ಚೆನ್ನಾಗಿದ್ದರೆ ಓಡುವಾಗ ಒಂದು ಫೇಸ್ ಹೋಗಿದೆ ಅಂತಲೇ ಅರ್ಥ. ಸ್ಟಾರ್ ಆದರೆ ಎರಡು ಸುಟ್ಟು ಒಂದು ಉಳಿಯುತ್ತದೆ.

ಮೋಟರ್ ಒಯ್ಯಲು ಬಂದವರಿಗೆ ಸ್ಟಾರ್ಟರ್ ಒಳಗಿನ ರಿಲೇ ತೋರಿಸುತ್ತೇನೆ. ಆಂಪಿಯರ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವುದು ಅದೇ. ಅದರ ಮುಳ್ಳು ಮೋಟರ್ ಪ್ಲೇಟಿನ ಮೇಲಿರುವ ಆಂಪಿಯರಿಗೆ ಸರಿಯಾಗಿ ಇರಬೇಕು. ಪದೇ ಪದೇ ಟ್ರಿಪ್ ಆಗುತ್ತೆ ಅಂತ ತುಂಬಾ ಜನ ಅದನ್ನು 12ಕ್ಕೆ ತಿರುಗಿಸಿಬಿಡುತ್ತಾರೆ. ಮೊನ್ನೆ ಒಬ್ಬರು ಹಿರಿಯರು ಮುಳ್ಳನ್ನು ತಾವೇ ವಾಪಸ್ ತಿರುಗಿಸಿ, "ಹಂಗಾರೆ ಇದು ಕರೆಂಟ್ ಕಡಿಮೆ ಆದಾಗಲ್ಲ, ಜಾಸ್ತಿ ಆದಾಗ ಬೀಳೋದು ಅನ್ನಪ್ಪ" ಅಂದರು. "ಹೌದು ಯಜಮಾನ್ರೇ, ಅದೇ" ಅಂದೆ.