ಜಿಂಕೆಗೆ .223 ಸಾಕು, ಗುಂಡು ಸರಿಯಿದ್ದರೆ: ನನ್ನ ಅನುಭವ

ಟೆಕ್ಸಸ್‌ನ ಲಾನೋ ಕೌಂಟಿಯಲ್ಲಿ ನಮ್ಮ ಲೀಸ್ ಇದೆ, ಅಂದರೆ ಬೇಟೆಗೆ ಗುತ್ತಿಗೆ ಹಿಡಿದ ಜಾಗ. ಅಲ್ಲಿ .270, .308, .30-06 (ನಳಿಗೆಯ ಅಗಲ, ಹೆಚ್ಚುಕಡಿಮೆ ಇಂಚಿನ ಲೆಕ್ಕ) ಬಿಟ್ಟು ಬೇರೆ ಕೋವಿ ಹಿಡಿದು ಬರುವವರು ಕಡಿಮೆ. ನಾನು ಅವಕ್ಕಿಂತ ಸಣ್ಣ .223 ತಂದಾಗ ನಕ್ಕವರೇ ಜಾಸ್ತಿ. "ಪ್ರೇರಿ ಡಾಗ್ ಹೊಡೆಯೋ ಕೋವಿ ಅದು, ಜಿಂಕೆ ಗಾಯ ಮಾಡಿಕೊಂಡು ಓಡುತ್ತೆ" ಅಂದರು. ಪ್ರೇರಿ ಡಾಗ್ ಅಂದರೆ ಬಿಲದಲ್ಲಿರುವ, ಅಳಿಲಿನ ಜಾತಿಯ ಪ್ರಾಣಿ. ಅವರ ಮಾತು ಪೂರ್ತಿ ಸುಳ್ಳಲ್ಲ. ಕೊಲರಾಡೋದಲ್ಲಿ ಜಿಂಕೆಗೆ .24ಕ್ಕಿಂತ ಸಣ್ಣ ರೈಫಲ್‌ಗೆ ಕಾನೂನಿನಲ್ಲೇ ಅವಕಾಶ ಇಲ್ಲ. ಟೆಕ್ಸಸ್‌ನಲ್ಲಿ ಮಾತ್ರ ರಿಮ್‌ಫೈರ್ (ಬುಡದ ಅಂಚಿಗೆ ಬಡಿದರೆ ಸಿಡಿಯುವ ತೋಟಾ) ಬಿಟ್ಟು ಯಾವ ಸೆಂಟರ್‌ಫೈರ್ (ಬುಡದ ನಡುವೆ ಬಡಿದರೆ ಸಿಡಿಯುವುದು) ಆದರೂ ನಡೆಯುತ್ತದೆ. ನನ್ನ ಭುಜದ ಆಪರೇಷನ್ ಆದ ಮೇಲೆ ದೊಡ್ಡ ರೈಫಲ್‌ನ ಒದೆ ತಡೆಯುವುದಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಹಟ ಹಿಡಿದೆ.

ಕೋವಿ ಹಳೆಯ ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಲ್ಲಿ ಅಗುಳಿ ಎಳೆದು ತೋಟಾ ಹಾಕುವುದು), ಸೆಕೆಂಡ್ ಹ್ಯಾಂಡ್, ನಾನೂರು ಡಾಲರ್ ಚಿಲ್ಲರೆ ಕೊಟ್ಟ ನೆನಪು. ನಳಿಗೆ 24 ಇಂಚು, ಟ್ವಿಸ್ಟ್, ಅಂದರೆ ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರು, 12 ಇಂಚಿಗೆ ಒಂದು ಸುತ್ತು. ತಲೆನೋವು ಶುರುವಾಗಿದ್ದೇ ಈ ಟ್ವಿಸ್ಟ್‌ನಿಂದ.

ಜಿಂಕೆ ಅಂದ ತಕ್ಷಣ ಎಲ್ಲರೂ ಹೇಳುವುದು ಪೂರ್ತಿ ತಾಮ್ರದ ಗುಂಡು, ಬಾರ್ನ್ಸ್ ಟಿಎಸ್‌ಎಕ್ಸ್. ಒಳ್ಳೆಯ ಗುಂಡೇ, ಅನುಮಾನವಿಲ್ಲ. ನನ್ನ ತೋಟಾ ನಾನೇ ತುಂಬಿಕೊಳ್ಳುತ್ತೇನೆ, ಹಾಗಾಗಿ 62 ಗ್ರೇನ್‌ದು (ಸುಮಾರು ನಾಲ್ಕು ಗ್ರಾಂ) 50 ಗುಂಡಿನ ಡಬ್ಬಿ ತಂದೆ, ನಲವತ್ತು ಡಾಲರ್ ಮೇಲೆ. ಆದರೆ ಸೀಸಕ್ಕಿಂತ ತಾಮ್ರ ಹಗುರ. ಅಷ್ಟೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ, ಉದ್ದದ ಗುಂಡಿಗೆ ಬಿರುಸಾದ ಟ್ವಿಸ್ಟ್ ಬೇಕು, ಅಂದರೆ ಕಡಿಮೆ ಇಂಚಿಗೇ ಒಂದು ಸುತ್ತು. ನನ್ನ ನಳಿಗೆ ಅದನ್ನು ಸಾಲುವಷ್ಟು ತಿರುಗಿಸಲೇ ಇಲ್ಲ. ನೂರು ಗಜದಲ್ಲಿಟ್ಟ ಕಾಗದದ ಮೇಲೆ ದುಂಡು ತೂತು ಒಂದೂ ಇಲ್ಲ. ಒಂದು ಕಡೆ ಗುಂಡು ಪೂರ್ತಿ ಅಡ್ಡ ಮಲಗಿ ಹೊಕ್ಕಿತ್ತು, ಮೂತಿ ಯಾವುದು ಬುಡ ಯಾವುದು ಅಂತ ಗುರುತಿಸುವಷ್ಟು ಸ್ಪಷ್ಟವಾಗಿ. ಇನ್ನೆರಡು ಕಾಗದಕ್ಕೇ ಬೀಳಲಿಲ್ಲ. ಮದ್ದು ಹೆಚ್ಚು ಕಡಿಮೆ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ. ಟ್ವಿಸ್ಟ್‌ಗೆ ಮದ್ದಿನಿಂದ ಮದ್ದಿಲ್ಲ, ಬಿಡಿ.

ಆಮೇಲೆ, ಮಾಂಸದೊಳಗೆ ಯಾವ ಗುಂಡು ಏನಾಗುತ್ತೆ ಅಂತ ತಿಳಿಯಲು, ಗ್ಯಾರೇಜಿನಲ್ಲಿ ಒದ್ದೆ ಕಾಗದದ ಪ್ರಯೋಗ. ವಾರಗಟ್ಟಲೆ ಕೂಡಿಟ್ಟ ಜಾಹೀರಾತು ಪತ್ರಿಕೆಗಳನ್ನು ರಾತ್ರಿಯೆಲ್ಲಾ ಟಬ್ಬಿನಲ್ಲಿ ನೆನೆಸಿಟ್ಟೆ. ಹೆಂಡತಿ ಬಂದು "ಯಾರ ಮನೆ ದೋಸೆಗೆ ಹಿಟ್ಟು ಇದು?" ಅಂದಳು. ರೇಂಜಿಗೆ ಒಯ್ದು ಒಂದೊಂದೇ ಗುಂಡು ಹೊಡೆದು, ಕಾಗದ ಬಿಡಿಸಿ, ಸಿಕ್ಕಿದ್ದನ್ನು ತಕ್ಕಡಿಯಲ್ಲಿ ಇಟ್ಟೆ. 55 ಗ್ರೇನ್ ವಿ-ಮ್ಯಾಕ್ಸ್ ನಾಲ್ಕು ಇಂಚಿನೊಳಗೆ ಪುಡಿ. ಜ್ಯಾಕೆಟ್‌ನ (ಸೀಸದ ಮೇಲಿನ ತಾಮ್ರದ ಹೊದಿಕೆ) ಚೂರು, ಸೀಸದ ಮಸಿ, ಅಷ್ಟೇ. ಅದನ್ನು ಮಾಡಿರುವುದೇ ಹಾಗೆ ಒಡೆಯಲಿ ಅಂತ. ಜಿಂಕೆಯ ಭುಜಕ್ಕೆ ಅಂಥದ್ದು ಬಿದ್ದರೆ ಮೇಲ್ಮೇಲೆ ದೊಡ್ಡ ಗಾಯ, ಒಳಗೆ ಶ್ವಾಸಕೋಶಕ್ಕೆ ಏನೂ ಇಲ್ಲ. ".223ರಲ್ಲಿ ಜಿಂಕೆ ಬೀಳಲ್ಲ" ಅನ್ನುವ ಕತೆಗಳಲ್ಲಿ ಮುಕ್ಕಾಲು ಪಾಲು ಇಂಥ ಗುಂಡಿನವು ಅಂತ ನನ್ನ ಲೆಕ್ಕ. ವಿಂಚೆಸ್ಟರ್‌ನ 64 ಗ್ರೇನ್ ಪವರ್ ಪಾಯಿಂಟ್ ಚೆನ್ನಾಗಿಯೇ ಅರಳಿತು, ಆದರೆ ನನ್ನ ಕೋವಿಯಲ್ಲಿ ಗ್ರೂಪ್, ಅಂದರೆ ಕಾಗದದ ಮೇಲೆ ತೂತುಗಳು ಹರಡುವ ಅಗಲ, ಎರಡು ಇಂಚಿಗಿಂತ ಕೆಳಗೆ ಇಳಿಯಲೇ ಇಲ್ಲ.

ಕೊನೆಗೆ ಗೆದ್ದಿದ್ದು ನಾಸ್ಲರ್ ಪಾರ್ಟಿಷನ್ 60 ಗ್ರೇನ್. ಹಳೇ ಕಾಲದ ಗುಂಡು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಹೊಡೆದ ಗುಂಡುಗಳು ಕೆಸರು ಮೆತ್ತಿದ ಮೂಸ್‌ನ (ಜಿಂಕೆ ಜಾತಿಯ ದೈತ್ಯ ಪ್ರಾಣಿ) ಒಳಕ್ಕೆ ಇಳಿಯಲಿಲ್ಲವಂತೆ. ಆ ಸಿಟ್ಟಿನಲ್ಲಿ ಮಾಡಿದ ಗುಂಡು ಇದು. ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಅರ್ಧ ಅರಳಿ ಹರಿದು ಹೋಗುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ನುಗ್ಗುತ್ತದೆ. ಒದ್ದೆ ಕಾಗದದಲ್ಲಿ ಒಂದಡಿ ಹತ್ತಿರ ಹೋಗಿತ್ತು, ತೂಕ ನಲವತ್ತು ಗ್ರೇನ್ ಆಸುಪಾಸು ಉಳಿದಿತ್ತು. ಉದ್ದ ಕಡಿಮೆ, ಬುಡ ಚಪ್ಪಟೆ, ಹಾಗಾಗಿ ನನ್ನ 12ರ ಟ್ವಿಸ್ಟ್ ಒಪ್ಪಿಕೊಂಡಿತು. ಚಳಿಗೆ ಗಾಳಿ ದಟ್ಟವಾದಾಗ ಅಡ್ಡ ತಿರುಗುತ್ತೋ ಏನೋ ಅಂತ ಜನವರಿಯ ಬೆಳಗ್ಗೆ ಮತ್ತೆ ಹೊಡೆದು ನೋಡಿದೆ. ತೂತೆಲ್ಲಾ ದುಂಡು.

ಮದ್ದಿನ ವಿಷಯ. ಮೊದಲು ಎಚ್335 ಅನ್ನುವ ಮದ್ದು ಹಾಕುತ್ತಿದ್ದೆ. ಸಣ್ಣ ಹರಳು, ಅಳೆದು ಹಾಕುವ ಮೆಷರ್‌ನಲ್ಲಿ ನೀರಿನಂತೆ ಇಳಿಯುತ್ತದೆ, ಕೆಲಸ ಸಲೀಸು. ಆದರೆ ಮಾರ್ಚ್‌ನಲ್ಲಿ ಸರಿಯಿದ್ದ ತೋಟಾ ಆಗಸ್ಟ್‌ನ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಬೋಲ್ಟ್ ಹಿಡಿಯತೊಡಗಿತು, ಪ್ರೈಮರ್ (ತೋಟಾದ ಬುಡದ ಕೇಪು) ಚಪ್ಪಟೆ. ಒಳಗೆ ಒತ್ತಡ ಜಾಸ್ತಿಯಾದ ಗುರುತು ಇದು. ಮಿಕ್ಕಿದ ತೋಟಾಗಳನ್ನೆಲ್ಲಾ ಸಂಜೆ ಕೂತು ಬಿಚ್ಚಿದೆ. ಈಗ ವಾರ್ಗೆಟ್ ಅನ್ನುವ ಮದ್ದು. ಇದಕ್ಕೆ ಬಿಸಿಲು ಚಳಿ ಅಷ್ಟಾಗಿ ತಟ್ಟುವುದಿಲ್ಲ, ಆದರೆ ಕಡ್ಡಿ ಕಡ್ಡಿ ಮದ್ದು. .223ರ ಕಿರಿದಾದ ಕೊರಳಲ್ಲಿ, ಫನಲ್‌ನ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಬೆರಳಲ್ಲಿ ಫನಲ್ ತಟ್ಟುತ್ತಾ, ಒಂದೊಂದೂ ತೂಗಿ ಹಾಕುತ್ತೇನೆ. ಎಷ್ಟು ಗ್ರೇನ್ ಅಂತ ಕೇಳಬೇಡಿ. ಮದ್ದಿನ ಅಳತೆಯ ಮ್ಯಾನುಯಲ್ ತೋಟಾ ತುಂಬುವ ಎಲ್ಲರ ಮನೆಯಲ್ಲೂ ಇದೆ ಅಲ್ವಾ, ಕೆಳಗಿನಿಂದ ಶುರು ಮಾಡಿ. ವೇಗ ಸೆಕೆಂಡಿಗೆ 3000 ಅಡಿ ಆಸುಪಾಸು, ಅದಕ್ಕಿಂತ ಜಾಸ್ತಿಗೆ ನಾನು ಆಸೆ ಪಡಲಿಲ್ಲ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಗ್ರೂಪ್ ಒಂದೂವರೆ ಇಂಚಿನಿಂದ ಮುಕ್ಕಾಲು ಇಂಚಿಗೆ ಇಳಿದಿದ್ದು ಅಲ್ಲೇ.

ಊರಲ್ಲಿ ಅಜ್ಜ ಕೇಪಿನ ಕೋವಿಗೆ ಮದ್ದು, ನಾರು ಜಡಿದು, ತೋಟಕ್ಕೆ ಬರುವ ಮಂಗ ಓಡಿಸಲು ಬರೀ ಈಡು ಹಾರಿಸುತ್ತಿದ್ದರು. ಕೇಪಿಗೆ ಅವರು ಪಡುತ್ತಿದ್ದ ಪಾಡು 2020-21ರಲ್ಲಿ ನನಗೂ ಬಂತು. ಸಾವಿರಕ್ಕೆ ಮೂವತ್ತೈದು ಡಾಲರ್ ಇದ್ದ ಪ್ರೈಮರ್ ನೂರು ದಾಟಿತು, ಅದೂ ಸಿಕ್ಕರೆ. ಒಂದು ಅಂಗಡಿಯವನು ಗಿರಾಕಿಗೆ ನೂರೇ ಕೊಡುವುದು ಅಂತ ಬೋರ್ಡ್ ಹಾಕಿದ್ದ. ಈಗ ಒಂದು ತೋಟಾಗೆ ಗುಂಡು ಡಾಲರ್, ಮದ್ದು ಹದಿನೈದು-ಇಪ್ಪತ್ತು ಸೆಂಟ್, ಕೇಪು ಎಂಟೋ ಹತ್ತೋ. ಹಿತ್ತಾಳೆ, ಅಂದರೆ ಖಾಲಿ ತೋಟಾ ಕೋಶ, ರೇಂಜಿನಲ್ಲಿ ಹೆಕ್ಕಿದ ಲೇಕ್ ಸಿಟಿ ಕಾರ್ಖಾನೆಯದು, ಪುಕ್ಕಟೆ. ಆದರೆ ಅದರ ಪ್ರೈಮರ್ ಗುಂಡಿಯಲ್ಲಿ ಮಿಲಿಟರಿ ಕ್ರಿಂಪ್ (ಪ್ರೈಮರ್ ಕಳಚದಂತೆ ಒತ್ತಿದ ಅಂಚು) ಇರುತ್ತದೆ, ಒಂದೊಂದನ್ನೂ ಸ್ವೇಜ್ ಮಾಡಿ, ಅಂದರೆ ಆ ಅಂಚನ್ನು ಒತ್ತಿ ಹಿಗ್ಗಿಸಿ, ಕೈ ನೋವು. ಒಟ್ಟು ಒಂದೂ ಕಾಲು ಡಾಲರ್ ಚಿಲ್ಲರೆ. ಅಂಗಡಿಯ ಬೇಟೆ ತೋಟಾ ಇದಕ್ಕಿಂತ ದುಬಾರಿ, ನಿಜ. ಆದರೆ ತೋಟಾ ತುಂಬುವ ಪ್ರೆಸ್, ಡೈ, ತಕ್ಕಡಿ, ವೇಗ ಅಳೆಯುವ ಕ್ರೋನೋಗ್ರಾಫ್ ಸೇರಿ ಏಳುನೂರು ಡಾಲರ್ ಹೋಗಿದೆ. ಉಳಿತಾಯ ಅಂತ ಮನೆಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಹಿತ್ತಾಳೆಯನ್ನು ತೂಕದ ಪ್ರಕಾರ ವಿಂಗಡಿಸಿಯೂ ನೋಡಿದೆ. ಸುಮ್ನೆ ಸಮಯ ಹಾಳು, ಜಿಂಕೆ ದೂರಕ್ಕೆ ಏನೂ ವ್ಯತ್ಯಾಸ ಕಾಣಲಿಲ್ಲ.

ಕಾಡಿನಲ್ಲಿ ನನ್ನ ನಿಯಮ ಕಟ್ಟುನಿಟ್ಟು. ನೂರೈವತ್ತು ಗಜದ ಒಳಗೆ, ಪಕ್ಕಕ್ಕೆ ತಿರುಗಿ ನಿಂತಿರಬೇಕು, ಭುಜದ ಹಿಂದೆ ಶ್ವಾಸಕೋಶಕ್ಕೆ. ಎದುರು ನಿಂತಿದ್ದರೆ, ಓಡುತ್ತಿದ್ದರೆ ಸೇಫ್ಟಿ ತೆಗೆಯುವುದೇ ಇಲ್ಲ. ಹಿಲ್ ಕಂಟ್ರಿಯ (ಲಾನೋ ಇರುವ ಗುಡ್ಡದ ಸೀಮೆ) ಹೆಣ್ಣು ಜಿಂಕೆ ದೊಡ್ಡದೇನಲ್ಲ, ನೂರು ಪೌಂಡ್ ದಾಟುವುದು ಅಪರೂಪ. ಇಲ್ಲಿಯವರೆಗೆ ಒಂದೂ ಕಳೆದುಹೋಗಿಲ್ಲ. ಹೆಚ್ಚಿನವು ನಲವತ್ತು ಐವತ್ತು ಗಜದೊಳಗೆ ಬಿದ್ದಿವೆ, ಎರಡು ಕಡೆಯೂ ತೂತು. ಒಂದು ಸಲ ಮಾತ್ರ ಗುಂಡು ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿತು. ಮಾಂಸ ಹಾಳಾಗುವುದು ಕಡಿಮೆ. .30-06ರವರ ಜಿಂಕೆಯ ಭುಜ ನೋಡಿದರೆ ಗೊತ್ತಾಗುತ್ತದೆ.

ತಾಮ್ರದ 62 ಗ್ರೇನ್ ಡಬ್ಬಿಯಲ್ಲಿ ಮೂವತ್ತರಷ್ಟು ಇನ್ನೂ ಇವೆ. 8ರ ಟ್ವಿಸ್ಟ್ ಇರುವವರು ಅರ್ಧ ಬೆಲೆಗೆ ತೆಗೆದುಕೊಳ್ಳಬಹುದು. ದುಡ್ಡಿನ ಬದಲು ಸಣ್ಣ ರೈಫಲ್ ಪ್ರೈಮರ್ ಕೊಟ್ಟರೆ ಇನ್ನೂ ಸಂತೋಷ.