ಕೆರೆಯ ದಡದ ವಠಾರವನ್ನು ಮಾರಿದ್ದು

ಚಿಕ್ಕಮಗಳೂರಿನ ಬಸವನಹಳ್ಳಿ ಕೆರೆಯ ಬಳಿ ಅಪ್ಪ ಕೊಂಡಿದ್ದ ವಠಾರವನ್ನು ನಾವು ಕಳೆದ ಚಳಿಗಾಲದಲ್ಲಿ ಮಾರಿದೆವು. ಮಂಗಳೂರು ಹೆಂಚಿನ ಒಂದೇ ಸೂರು, ನಾಲ್ಕು ಬಾಗಿಲು, ನಡುವೆ ಬಾವಿ, ಹಿಂದೆ ಕೆರೆ. ಒಂದು ಮನೆಯಲ್ಲಿ ಅಮ್ಮ. ಉಳಿದ ಮೂರರಲ್ಲಿ ಪಿಟೀಲು ಮೇಷ್ಟ್ರು, ಅಂಗಡಿಗಳ ನಾಮಫಲಕ ಬರೆಯುವ ಕಲಾವಿದರು, ಮದ್ದಳೆ ನುಡಿಸುವ ಹಿರಿಯರ ಸಂಸಾರ. ಕುವೆಂಪು ಕಲಾಮಂದಿರದಲ್ಲಿ ನಾಟಕವಿದೆಯೆಂದರೆ ಅದರ ಪರದೆ ಒಣಗುತ್ತಿದ್ದುದು ನಮ್ಮ ಅಂಗಳದಲ್ಲಿ.

ಮೊದಲು ಬಂದ ದಲ್ಲಾಳಿ, "ಮನೆ ಖಾಲಿ ಮಾಡಿಸಿಕೊಡಿ ಸ್ವಾಮಿ, ಹೋಂಸ್ಟೇ ಮಾಡುವವರು ನಾಳೆಯೇ ಮುಂಗಡ ಕೊಡುತ್ತಾರೆ" ಎಂದರು. ನನಗೆ ಅದು ಬೇಡವಾಗಿತ್ತು. ಬಾಡಿಗೆದಾರರನ್ನು ಇಟ್ಟುಕೊಂಡೇ ಮಾರಬೇಕೆಂದು ತೀರ್ಮಾನಿಸಿ, ಮೂರೂ ಮನೆಯವರನ್ನು ಕೂರಿಸಿಕೊಂಡು ವಿಷಯ ತಿಳಿಸಿದೆ. ಮಾರಾಟದ ಸುದ್ದಿ ಅವರಿಗೆ ಬೀದಿಯಿಂದ ತಿಳಿಯಬಾರದು. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯಂತೆ ಕೊಂಡವರು ಹಳೆಯ ಮಾಲೀಕರ ಸ್ಥಾನದಲ್ಲಿ ನಿಲ್ಲುತ್ತಾರೆ. ಇಷ್ಟು ತಿಳಿದ ಮೇಲೆ ಮೇಷ್ಟ್ರ ಮುಖದ ಬಿಗಿ ಸಡಿಲಿತು. ಬಾಯಿಮಾತಿನ ಮೇಲೆ ನಡೆದುಬಂದಿದ್ದ ಎರಡು ಬಾಡಿಗೆಗಳಿಗೆ ಕರಾರುಪತ್ರ ಮಾಡಿಸಿದೆ. ಮದ್ದಳೆಯವರದು ನಾಲ್ಕು ಲಕ್ಷದ ಭೋಗ್ಯ, ಅಂದರೆ ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ಕೊಟ್ಟ ಹಣ, ಮನೆ ಬಿಡುವಾಗ ಅವರಿಗೆ ಹಿಂದಿರುಗಬೇಕು. ಆ ಹಣವನ್ನು ಹಿಂದಿರುಗಿಸುವ ಹೊಣೆ ಯಾರದು ಎಂಬುದು ಕ್ರಯಪತ್ರದಲ್ಲೇ ಬರಬೇಕೆಂದು ಪಟ್ಟು ಹಿಡಿದೆ.

ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರು. ಸ್ವತ್ತು ಅವರ ಸ್ವಯಾರ್ಜಿತ, ಹಾಗಾಗಿ ಅಮ್ಮ, ಇಬ್ಬರು ಅಕ್ಕಂದಿರು, ನಾನು ನಾಲ್ವರೂ ಸಮಾನ ಹಕ್ಕುದಾರರು. "ಅಕ್ಕಂದಿರು ಪಾಲು ಬಿಟ್ಟೆವೆಂದು ಒಂದು ಬಿಡುಗಡೆ ಪತ್ರ ಬರೆದುಕೊಟ್ಟರೆ ಸಾಕಲ್ಲ" ಎಂದು ಬಂಧುಗಳು ಸಲಹೆ ಕೊಟ್ಟರು. ನಾನು ಆ ಪತ್ರ ಕೇಳಲಿಲ್ಲ. ನಾಲ್ವರ ಹೆಸರಿಗೂ ಖಾತೆ ಮಾಡಿಸಿ, ನಗರಸಭೆಯಿಂದ ಇ-ಖಾತಾ ಪಡೆದು, ನಾಲ್ವರೂ ಸಹಿ ಹಾಕಿದೆವು.

ನಿಜವಾದ ಕಷ್ಟ ಎದುರಾದದ್ದು ಹಿತ್ತಲಿನಲ್ಲಿ. ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ, ಪಶ್ಚಿಮಕ್ಕೆ 'ಕೆರೆ ಅಂಗಳ' ಎಂದಿತ್ತು. ಪಶ್ಚಿಮದ ಗೋಡೆಯನ್ನು ಅಪ್ಪ ಆಮೇಲೆ ಕಟ್ಟಿಸಿದ್ದರು. ಪತ್ರದ ಅಳತೆಗೂ ನೆಲದ ಅಳತೆಗೂ ತಾಳೆಯಾಗದೆ, ಅಳೆದು ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿದೆ. ಭೂಮಾಪಕರು ಸರಪಳಿ ಎಳೆದು ಕಲ್ಲು ನೆಟ್ಟಾಗ ನಮ್ಮ ಗೋಡೆ ಏಳು ಅಡಿ ಕೆರೆಯೊಳಗಿತ್ತು. ಅಪ್ಪ ನೆಟ್ಟ ಸಂಪಿಗೆ, ಎರಡು ತೆಂಗು, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಗಡಿಯ ಆಚೆ. ಭಾವ ಒಬ್ಬರು, "ಇಷ್ಟು ವರ್ಷ ಯಾರೂ ಕೇಳಿಲ್ಲ, ನೀನೇಕೆ ಎಬ್ಬಿಸುತ್ತೀಯ?" ಎಂದು ಸಿಟ್ಟಾದರು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನದಲ್ಲದ ಏಳು ಅಡಿಗೆ ಇನ್ನೊಬ್ಬರಿಂದ ಹಣ ಪಡೆಯುವುದು ಹೇಗೆ? ಕೊನೆಗೆ ಅಮ್ಮನೇ, "ಕೆರೆಯದು ಕೆರೆಗೇ ಹೋಗಲಿ, ಗೋಡೆ ಒಡೆಸು" ಎಂದರು. ಒಡೆಸಿ, ಕಲ್ಲಿನ ಈಚೆಗೆ ಹೊಸ ಗೋಡೆ ಕಟ್ಟಿಸಿದ ಮೇಲೆಯೇ ಮನೆ ತೋರಿಸಲು ಶುರುಮಾಡಿದೆ.

ಬಂದವರೆಲ್ಲ ಕೆರೆಯ ಕಡೆಗೆ ಮಹಡಿ ಏರಿಸಬಹುದೇ ಎಂದು ಕೇಳುತ್ತಿದ್ದರು. ಆ ಭರವಸೆಯನ್ನು ನಾನು ಯಾರಿಗೂ ಕೊಡಲಿಲ್ಲ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಹೊಸದಾಗಿ ಮನೆ ಕಟ್ಟಬಾರದೆಂದು 2014ರ ಕೆರೆ ಸಂರಕ್ಷಣಾ ಕಾಯ್ದೆ ಹೇಳಿತ್ತು. ನಮ್ಮ ವಠಾರ ಅದಕ್ಕಿಂತ ಹಳೆಯದು, ಆದರೆ ಮೇಲೆ ಕಟ್ಟುವುದು ಹೊಸತೇ ಅಲ್ಲವೇ? ನಗರಸಭೆಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ ಎಂದೆ. ಹಾಗೆಂದ ಮೇಲೆ ಹಲವರು ಮತ್ತೆ ಬರಲಿಲ್ಲ. ಕೊಂಡವರು ನಿವೃತ್ತ ದಂಪತಿ. ತಿಂಗಳ ಬಾಡಿಗೆ ಬರಬೇಕು, ಬೆಳಗ್ಗೆ ಕೆರೆ ಕಾಣಬೇಕು, ಅಷ್ಟೇ ಅವರ ಅಪೇಕ್ಷೆ. ಹೋಂಸ್ಟೇಯವರು ಹೇಳಿದ್ದಕ್ಕಿಂತ ಬೆಲೆ ಕಡಿಮೆ ಬಂತು. ನಾವು ಒಪ್ಪಿದೆವು.

ಖರ್ಚಿನ ಲೆಕ್ಕವನ್ನು ಅವರಿಗೆ ಮೊದಲೇ ಬರೆದುಕೊಟ್ಟಿದ್ದೆ. 45 ಲಕ್ಷ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ, ಅಧಿಭಾರ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಬೆಲೆ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು ನಮಗೆ ಕೊಡುವ ಹಣದಲ್ಲಿ ಶೇ. 1 ಆದಾಯ ತೆರಿಗೆ ಹಿಡಿದು ಕಟ್ಟಬೇಕು, ಅದೂ ನಾಲ್ವರ ಪಾಲಿಗೂ ಪ್ರತ್ಯೇಕವಾಗಿ. ದೊಡ್ಡಕ್ಕನ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿರಲಿಲ್ಲ. ಹಾಗೇ ಬಿಟ್ಟಿದ್ದರೆ ಅವಳ ಪಾಲಿನಲ್ಲಿ ಶೇ. 20 ಹಿಡಿಯಬೇಕಾಗುತ್ತಿತ್ತು. ಅದನ್ನು ಸರಿಪಡಿಸಿಕೊಳ್ಳುವುದಕ್ಕಾಗಿಯೇ ನೋಂದಣಿಯ ದಿನವನ್ನು ಮುಂದೂಡಿದೆವು.

ನಾಲ್ಕು ವಿದ್ಯುತ್ ಮೀಟರ್‌ಗಳೂ ಅಪ್ಪನ ಹೆಸರಿನಲ್ಲೇ ಇದ್ದವು, ಅದು ಕೊನೆಯವರೆಗೆ ಯಾರ ನೆನಪಿಗೂ ಬಂದಿರಲಿಲ್ಲ. ಕೊನೆಯ ಮೀಟರ್ ಹೊಸ ಮಾಲೀಕರ ಹೆಸರಿಗೆ ಬದಲಾಗಿದ್ದು ಮೊನ್ನೆ. ಅದು ಮದ್ದಳೆಯವರ ಮನೆಯದು. ರಸೀದಿ ತರಲು ಹೋದಾಗ ಒಳಗೆ ಪಾಠ ನಡೆದಿತ್ತು, ಜಗಲಿಯ ಮೇಲೆ ಕಾದು ಕೂತೆ.